ಊಟ ವಿಚಾರಿಸುವ ಧಣಿ

ಹಾಂಗ್‌ಕಾಂಗ್
೧೪-೯-೧೯೭೩

ಅಣ್ಣ ಅಪ್ಪಯ್ಯಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ರೇಷ್ಮೆ ಗೋದಾಮಿಗೆ ಬಂತು. ಚಿಕ್ಕಪ್ಪನ ಮಗ ಆಂಜಿನಪ್ಪ ದೊಡ್ಡಬಳ್ಳಾಪುರದ ಮಗ್ಗ ಮಾರಿ ಇಲ್ಲಿಗೆ ಬರುತ್ತಾನೆಂದು ಬರೆದಿದ್ದೀರಿ. ಧಣಿ ದಿನಾ “ಊಟ ಆಯ್ತಾ?” ಎಂದು ಕೇಳುತ್ತಾನೆಂದು ನಾನು ಬರೆದಿದ್ದ ಮೊದಲ ಕಾಗದ ಓದಿ, “ದಿನಾ ಊಟ ವಿಚಾರಿಸೋ ಧಣಿ ಇನ್ನೆಲ್ಲವ್ನೆ ಕಣಣ್ಣಾ?” ಎಂದನಂತೆ.

“ಊಟ ಆಯ್ತಾ?” ಎನ್ನುವುದು ಈ ಚೀನೀಯರ ನಮಸ್ಕಾರ, ಅಷ್ಟೇ. ನಮ್ಮಲ್ಲೂ ಕೇಳುತ್ತಾರೆ, ಆದರೆ ಇಲ್ಲವೆಂದರೆ ತಟ್ಟೆ ಇಡುತ್ತಾರೆ. ನಾನು ಒಂದು ದಿನ ಇಲ್ಲವೆಂದೆ. “ಒಳ್ಳೇದಾಯ್ತು, ಹಂಗಾದ್ರೆ ಈ ಮೂಟೆ ಇಳಿಸ್ಬಿಡು. ಹೊಟ್ಟೆ ತುಂಬಿದ್ರೆ ನಿದ್ದೆ ಬರ್ತದೆ” ಎಂದ ನಮ್ಮ ಧಣಿ ಲಿಯಾಂಗ್. ತನ್ನ ಜನವೇ ಆದ ಚೀನೀ ಆಳುಗಳಿಗೂ ಹಾಗೆಯೇ. ಅವರು ಮೂಟೆಗಳ ಮೇಲೆ ಮಲಗುತ್ತಾರೆ. ಅದನ್ನು ಅವನು ಬಾಡಿಗೆಯಿಲ್ಲದ ಮನೆ ಎಂದು ಹೊಗಳಿಕೊಳ್ಳುತ್ತಾನೆ. ಇದಕ್ಕೇ ಇಲ್ಲಿಯ ವರ್ತಕರು ಶ್ರಮಜೀವನ ಎಂದು ಹೆಸರಿಟ್ಟಿದ್ದಾರೆ. ನಾನು ಹಸಿದು ಮೂಟೆ ಇಳಿಸಿದ ಆ ದಿನ ತನ್ನ ಅನ್ನದಲ್ಲಿ ಅರ್ಧ ಕೊಟ್ಟ ಮುದುಕ ಹಮಾಲಿ ನನ್ನನ್ನು ಏನೂ ಕೇಳಿರಲಿಲ್ಲ.

ಆಂಜಿನಪ್ಪನನ್ನು ತಡೆಯಿರಿ. ದೀಪಾವಳಿಗೆ ಮೊದಲು ಕೆಲಸ ಬಿಟ್ಟು ಊರಿಗೆ ಬರಲು ನಾನು ತೀರ್ಮಾನಿಸಿದ್ದೇನೆ. ಲಿಯಾಂಗನಿಗೆ ಇನ್ನೂ ಹೇಳಿಲ್ಲ. ಆಂಜಿನಪ್ಪ ಮಗ್ಗ ಮಾರಲೇಬೇಕೆಂದರೆ ನನಗೆ ಮಾರಲಿ.

ನಿಮ್ಮ ತಮ್ಮ,
ಮುನಿಶಾಮಪ್ಪ