ಮುನೇಶ್ವರನ ಮುಂದಿನ ನೆಲ

ಅಟ್ಟೂರು
೧೨-೧೦-೨೦೨೫

ಚಿ. ಸೌ. ಮಂಜುಶ್ರೀಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು.

ಹಬ್ಬ ಕಳೆದು ಇಷ್ಟು ದಿನವಾದರೂ ಸುದ್ದಿಯಿಲ್ಲ ಎಂದು ತಪ್ಪು ತಿಳಿಯಬೇಡ. ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ನೀನು ಪಾಠ ಶುರು ಮಾಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿಮ್ಮ ಆಫೀಸಿನ ಗಿರಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಕ್ರೇನಿಗೆ ನೀನು ಹಾಕಿಸಿದ ಸೆನ್ಸರ್ ಡಬ್ಬಿ ಪ್ರಾಣ ತಿನ್ನುತ್ತಿದೆ. ಯಂತ್ರ ವಾಲಿದರೆ ಕೂಗುತ್ತದೆ, ಹೆಚ್ಚು ವಾಲಿದರೆ ತಾನೇ ನಿಲ್ಲಿಸುತ್ತದೆ ಎಂದು ನೀನು ಹೇಳಿದ್ದೆ. ಅಮೃತಹಳ್ಳಿಯ ಸೈಟು ಕೇರಂ ಬೋರ್ಡಿನಂತೆ ಮಟ್ಟಸವಾಗಿದೆ. ಅಲ್ಲೇ ಕೂಗಿ ಕೂಗಿ ಕೆಲಸ ನಿಲ್ಲಿಸಿತು. ಪಕ್ಕದ ಅಂಗಡಿಯ ಜೈಬುನ್ನೀಸಾ ಬಂದು, ನಿಮ್ಮ ಗಾಡಿಗೆ ಹಲ್ಲುನೋವಾ ಎಂದು ಕೇಳಿದಳು. ಓಡಿಸುತ್ತಿದ್ದ ನಿನ್ನ ತಮ್ಮ ಅಶ್ವತ್ಥ್, "ವೈರ್ ಕಿತ್ ಬಿಸಾಕ್ತೀನಿ ಕಣಮ್ಮ, ತಲೆ ಕೆಟ್ಟೋಯ್ತು" ಎಂದ.

ನಿನ್ನೆ ಗಿರಿಯನ್ನು ಕರೆಸಿದರೆ ಅವನು ನನ್ನ ಕಡೆಗೇ ಬೆರಳು ತೋರಿಸಿದ. ಆಯುಧಪೂಜೆಯ ದಿನ ಡಬ್ಬಿ ರಾಹುಕಾಲಕ್ಕೆ ಮೊದಲೇ ಶುರುವಾಗಲಿ ಎಂದು ನಾನೇ ಹೇಳಿದ್ದೆ. ಕ್ರೇನು ಮುನೇಶ್ವರನ ಗುಡಿಗೆ ಮುಖ ಮಾಡಿ ನಿಂತಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು. ಇಲ್ಲಿ ಇಳಿಜಾರು, ಸಮನಾದ ಕಡೆ ನಿಲ್ಲಿಸಿ ಅದಕ್ಕೆ ಮಟ್ಟ ಕಲಿಸಬೇಕು ಎಂದು ಅವನು ಗೊಣಗಿದ್ದು ನಿಜ.

"ದೇವ್ರ ಮುಂದಿನ ನೆಲ ಡೊಂಕೇನೋ?" ಎಂದೆ. ಹುಡುಗ ಅಲ್ಲೇ ಕಲಿಸಿದ. ಈಗ ಡಬ್ಬಿಗೆ ಆ ಇಳಿಜಾರೇ ಮಟ್ಟವಂತೆ, ಮಟ್ಟವೇ ಇಳಿಜಾರಂತೆ. ಇಷ್ಟು ಓದಿದವರು ಮಾಡಿದ ಡಬ್ಬಿಗೆ ಅಷ್ಟೂ ತಿಳಿಯಬಾರದೇ?

ಈಗಲೇ ಸರಿಮಾಡುತ್ತೇನೆ ಎಂದ. ಬೇಡ ಎಂದೆ. ಹಾಕಿಸಿದವಳು ನೀನು, ನೀನೇ ಬಂದು ಸರಿಮಾಡು. ಯಶವಂತಪುರದಿಂದ ಇಲ್ಲಿಗೆ ವಿಮಾನ ಬೇಕೇ?

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮುನೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಾಯಿ,
ವೆಂಕಟಲಕ್ಷ್ಮಮ್ಮ

ವಿ.ಸೂ.: ಶುಕ್ರವಾರ ಜಕ್ಕೂರಿನ ಇಳಿಜಾರಿನಲ್ಲಿ ಡಬ್ಬಿ ತುಟಿ ಪಿಟಕ್ಕೆನ್ನಲಿಲ್ಲ. ಅಶ್ವತ್ಥ್‌ಗೆ ಖುಷಿಯೋ ಖುಷಿ. ನನಗೆ ಮಾತ್ರ ಜೀವ ಹೋದಂತಾಯಿತು. ನಿಮ್ಮಪ್ಪನ ಮೇಲೆ ಮಗುಚಿದ ದಿನವೂ ಈ ಕ್ರೇನು ಹೀಗೇ ಸುಮ್ಮನಿತ್ತು. ನಿನ್ನ ತಮ್ಮನನ್ನು ಕೆಳಗಿಳಿಸಿ ಕೀ ಕಿತ್ತುಕೊಂಡೆ. ನನ್ನ ಸೊಂಟದ ಚೀಲದಲ್ಲಿದೆ. ಅಪ್ಪ ಹೋದಮೇಲೆ ನೀನು ಡಬ್ಬಿ ಕಳಿಸಿದೆ, ಗಿರಿಯನ್ನು ಕಳಿಸಿದೆ, ಆ ಯಂತ್ರದ ಎದುರು ನಿಲ್ಲಲು ನೀನು ಬರಲಿಲ್ಲ. ನಾನು ದಿನಾ ಬೆಳಗ್ಗೆ ಅದನ್ನು ನೋಡಿಕೊಂಡೇ ಬಾಗಿಲಿಗೆ ನೀರು ಹಾಕುತ್ತೇನೆ. ಕೀ ಕೊಡುವುದು ನಿನ್ನ ಕೈಗೇ.