ಗಿಲಾದ್ ಬಾಗಿಲು ತಟ್ಟುವ ಮುಂಚೆ

ಜಾನ್ಸ್ ಕ್ರೀಕ್, ಜಾರ್ಜಿಯಾ
೨೮ ಸೆಪ್ಟೆಂಬರ್ ೨೦೧೪, ರವಿವಾರ

ಪ್ರೀತಿಯ ತಂಗಿ ಶಾಂತವ್ವಗೆ,

ಅಣ್ಣ ಬಸವಂತಪ್ಪನ ಆಶೀರ್ವಾದ. ಮೊದಲು ಕೈಯ ಸುದ್ದಿ ಬರೆ. ಹೊಲಿಗೆ ಬಿಚ್ಚಿದ ಮೇಲೆ ಕಿರುಬೆರಳು ಪೂರ್ತಿ ಮಡಚುತ್ತದೋ, ಇಲ್ಲಾ ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅಜ್ಜಿಯ ಕೈಗೆ ಕೊಟ್ಟು ನೀನು ಅವರ ಕಾಲು ಒತ್ತುತ್ತಾ ಕೂತಿದ್ದೀಯೋ? ನೀನು ನರ್ಸು, ಮಂದಿಗೆಲ್ಲ ಗುಳಿಗೆ ನುಂಗಿಸುತ್ತೀ, ನಿನ್ನ ಗುಳಿಗೆ ಮಾತ್ರ ಚೀಲದಲ್ಲೇ ಉಳಿಯುತ್ತದೆ, ಗೊತ್ತಿದೆ ನನಗೆ. ನಿನ್ನ ಆರೈಕೆಯಲ್ಲಿರುವ ಶೋಷಾನಾ ಅಜ್ಜಿಯ ಬಿಪಿ ಹೇಗಿದೆ? ಟೆಲ್ ಅವೀವಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಹಗಲೂ ಗೊರಕೆ ಹೊಡೆಯುತ್ತಾರೆ ಎಂದಿದ್ದೆ. ಹೊಡೆಯಲಿ. ಬೇಸಿಗೆಯಿಡೀ ಆಶ್ಕೆಲೋನಿನಲ್ಲಿ ಸೈರನ್ ಕೇಳಿದ ಕಿವಿಗೆ ತನ್ನ ಗೊರಕೆಯೂ ಸುಖವೇ. ಇಲ್ಲಿ ನಿನ್ನ ವೈನಿ ಆರಾಮ. ಮಗಳು ನಮ್ರತಾ ಕಾರು ಕಲಿಯುತ್ತಿದ್ದಾಳೆ, ಅವಳ ಪಕ್ಕದಲ್ಲಿ ಕೂತು ನಾನು ದೇವರನ್ನು ನೆನೆಯುವುದನ್ನು ಕಲಿಯುತ್ತಿದ್ದೇನೆ.

ಫೋನಿದ್ದೂ ಪತ್ರ ಯಾಕೆ ಅಂತೀಯಾ. ನಿನ್ನ ಫೋನು ಸದಾ ಸ್ಪೀಕರಿನಲ್ಲಿ, ಅಜ್ಜಿ ಸದಾ ಪಕ್ಕದಲ್ಲಿ. ಕನ್ನಡ ಬಾರದಿದ್ದರೂ ಮಗನ ಹೆಸರು ಬಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಎಂಥವನಾದರೂ ಮಗ. ಆ ಮಗ ಗಿಲಾದ್‌ನ ವಿಷಯವೇ ಬರೆಯಬೇಕಾಗಿದೆ. ಆಗಸ್ಟಿನಲ್ಲಿ ನೀನು ಕೇಳಿದ್ದೆ, 'ಅಣ್ಣಾ, ಅವ್ವನ್ನ ಅಕ್ಕನ ಮನಿಗೆ ಕಳಸೂದಿಲ್ಲ ಅಂತ ಹಟ ಹಿಡಿದಾಂವ ಒಮ್ಮೆಲೇ ಹೂಂ ಅಂದನಲ್ಲ, ಏನಾತು ಅವಗ?' ಅಂತ. ದೇವರು ಬುದ್ಧಿ ಕೊಟ್ಟ ಅಂದೆ ನಾನು. ದೇವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ ತಂಗಿ. ಆ ಕೆಲಸ ನಾನೇ ಮಾಡಿದೆ.

ಗಿಲಾದ್ ಎಂಥವನೆಂದು ನಿನಗೆ ಗೊತ್ತು. ಆದರೆ ನನ್ನ ಹೋಟೆಲಿನಲ್ಲಿ ಅವನು ಎಷ್ಟು ದೊಡ್ಡ ಮನುಷ್ಯ ಎಂದು ನೀನು ನೋಡಿಲ್ಲ. ಡನ್‌ವುಡಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಯಹೂದಿಗಳು ತಮ್ಮ ಮಡಿ ಕೆಡದೆ ಉಣ್ಣಬಹುದು, ಕೋಷರ್ ಎನ್ನುತ್ತಾರಲ್ಲ, ಅದು. ಅದಕ್ಕಾಗಿ ಪೆರ್ಲಾ ಎಂಬ ಹೆಂಗಸು ದಿನಾ ಬೆಳಿಗ್ಗೆ ಬಂದು ನನ್ನ ಒಲೆ ಹಚ್ಚುತ್ತಾಳೆ. ಹೌದು, ನನ್ನ ಒಲೆಯನ್ನು ನಾನು ಹಚ್ಚುವ ಹಾಗಿಲ್ಲ, ಅವರ ಧರ್ಮದವರೇ ಹಚ್ಚಬೇಕು. ಆಮೇಲೆ ಕೊತ್ತಂಬರಿಯ ಕಟ್ಟುಗಳನ್ನು ಬೆಳಕಿಗೆ ಹಿಡಿದು ಹುಳ ಹುಡುಕುತ್ತಾಳೆ. ಅವಳ ಕಣ್ಣು ತಪ್ಪಿಸಿದ ಹುಳ ಇನ್ನೂ ಹುಟ್ಟಿಲ್ಲ, ಎರಡು ಕಾಲಿನವೂ ಸೇರಿ. ಗಿಲಾದ್ ವಾರಕ್ಕೊಮ್ಮೆ ಬರುವ ಗಿರಾಕಿ. ಖಾರ ಹೆಚ್ಚಿಗೆ ಹಾಕಿದ ಮೈಸೂರು ಮಸಾಲೆ ದೋಸೆ, ಕಣ್ಣಲ್ಲಿ ನೀರು, ಬಾಯಲ್ಲಿ ಭಾಷಣ. ಬಸವಂತಪ್ಪ ಅನ್ನಲು ಬಾರದೆ ನನ್ನನ್ನು ಬಾಸ್ ಅನ್ನುತ್ತಾನೆ. 'ನಮ್ಮ ಅಮ್ಮನಿಗೆ ಒಳ್ಳೆಯ ನರ್ಸು ಬೇಕು ಬಾಸ್' ಎಂದು ಅವನು ಕೇಳಿದಾಗ, ಆಗಲೇ ಆ ದೇಶದಲ್ಲಿದ್ದ ನಿನ್ನ ಹೆಸರು ಕೊಟ್ಟವನು ನಾನು. ಹಾಗಾಗಿ ನಿನ್ನ ಹೆಸರಿನ ಜವಾಬ್ದಾರಿ ನನ್ನದು ಎಂದೇ ತಿಳಿದಿದ್ದೇನೆ.

ಜುಲೈನಲ್ಲಿ ಅಲ್ಲಿ ಗಾಜಾದೊಂದಿಗೆ ಯುದ್ಧ ಶುರುವಾದಾಗ ಹೋಟೆಲಿನಲ್ಲಿ ಟೇಬಲ್ಲಿಗೊಂದು ಸರಕಾರವಾಯಿತು. ಒಬ್ಬರು ಅಲ್ಲಿಯ ಪ್ರಧಾನಿ ಮೆತ್ತಗಾದ ಅಂದರೆ, ಪಕ್ಕದವರು ಅವನಿಂದಲೇ ಇದೆಲ್ಲಾ ಅನ್ನುತ್ತಿದ್ದರು. ಟಿ.ವಿ.ಯಲ್ಲಿ ಗಾಜಾದ ಮಕ್ಕಳನ್ನು ತೋರಿಸಿದರೆ ಅರ್ಧ ಮಂದಿ ಚಾನೆಲ್ ಬದಲಿಸು ಅನ್ನುವರು, ಉಳಿದರ್ಧ ಮಂದಿ ತಟ್ಟೆ ನೋಡುವರು. ನಾನು ಟಿ.ವಿ. ಆರಿಸಿಬಿಟ್ಟೆ. ಮಕ್ಕಳ ಹೆಣದ ಮುಂದೆ ಕೂತು ಚಟ್ನಿ ಕೇಳುವುದನ್ನು ನೋಡಲು ಆಗಲಿಲ್ಲ. ಗಿಲಾದ್‌ಗೆ ಟಿ.ವಿ. ಬೇಕಿರಲಿಲ್ಲ, ಅವನೇ ಒಂದು ಚಾನೆಲ್ಲು. 'ನಾವು ಓಡುವವರಲ್ಲ' ಎಂದು ಮೇಜು ಕುಟ್ಟುವನು. ಅತ್ತ ಟೆಲ್ ಅವೀವಿನಲ್ಲಿ ಅವನ ಅಕ್ಕ ನೋವಾ ಯುದ್ಧ ನಿಲ್ಲಿಸಿ ಎಂದು ಫಲಕ ಹಿಡಿದು ಚೌಕದಲ್ಲಿ ನಿಂತವಳು. ನಿಂತು ಉಗುಳಿಸಿಕೊಂಡವಳು. ಬೇಡ ಅನ್ನುವವಳ ಮಗ ಸಮವಸ್ತ್ರ ಹಾಕಿಕೊಂಡು ಗಡಿಯಲ್ಲಿ, ಬೇಕು ಅನ್ನುವವನ ಮಗ ಇಲ್ಲಿ ಸಾಕರ್ ಕ್ಯಾಂಪಿನಲ್ಲಿ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಇಂಥ ತಕ್ಕಡಿ ನೋಡಿಲ್ಲ. ಅಕ್ಕನ ಮನೆಯಲ್ಲಿ ಗಟ್ಟಿ ಗೋಡೆಯ ಸುರಕ್ಷಿತ ಕೋಣೆ ಇತ್ತು. ಆದರೆ ಅಲ್ಲಿಗೆ ಅಮ್ಮನನ್ನು ಕಳಿಸಿದರೆ ಅಕ್ಕನ ಫಲಕಕ್ಕೆ ಸೋತಂತೆ ಎಂದುಕೊಂಡ. ಅಜ್ಜಿ ಬೇಡಿಕೊಂಡರೂ ಒಲ್ಲೆ ಅಂದ. ನಿನ್ನನ್ನು ಕೆಲಸಕ್ಕಿಟ್ಟವನು ಅವನು, ಅವನನ್ನು ಮೀರಿದರೆ ನಿನ್ನ ವೀಸಾಕ್ಕೇ ಕುತ್ತು. ಲಿಫ್ಟೂ ಇಲ್ಲದ, ಅಡಗುಕೋಣೆಯೂ ಇಲ್ಲದ ಆ ಹಳೆಯ ಕಟ್ಟಡದಲ್ಲಿ ಸೈರನ್ ಕೂಗಿದಾಗಲೆಲ್ಲ ನೀನು ಅಜ್ಜಿಯನ್ನು ಕುರ್ಚಿ ಸಮೇತ ಮೆಟ್ಟಿಲ ಮೂಲೆಗೆ ಎಳೆದು, ಕೊನೆಗೊಮ್ಮೆ ಅವರ ಮೇಲೆ ಮಲಗಿ, ಒಡೆದು ಹಾರಿದ ಕಿಟಕಿಯ ಗಾಜನ್ನು ನಿನ್ನ ಕೈಗೆ ಚುಚ್ಚಿಸಿಕೊಂಡೆ.

ಈಗ ನೀನು ಕೇಳಿರದ ಮಾತು. ಕೂತು ಓದು. ನಿನ್ನ ಕೈಗೆ ಹೊಲಿಗೆ ಬಿದ್ದ ಮುಂದಿನ ವಾರ ಷಾರ್ಲೆಟ್‌ನಲ್ಲಿ ಅವರ ಜನರದ್ದೊಂದು ಸಭೆ ಇತ್ತು. ಊಟ ನಮ್ಮದು. ವ್ಯಾನು ಓಡಿಸುವವನಿಗೆ ಜ್ವರ ಬಂದು ನಾನೇ ಹೋದೆ. ಗಿಲಾದ್ ಅಲ್ಲಿ ಭಾಷಣಕಾರ. ನಾನು ಪರದೆಯ ಹಿಂದೆ ಸಾಂಬಾರು ಬಿಸಿ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮ ಕ್ಷಿಪಣಿಗಳ ಕೆಳಗಿದ್ದಾಳೆ ಎಂದು ಅವನು ಹೇಳುವಾಗ ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಆಗ ಒಬ್ಬ ಮುದುಕಿ ಎದ್ದು ಕೇಳಿಯೇಬಿಟ್ಟಳು, 'ಅಲ್ಲಪ್ಪಾ, ಹಾಗಾದರೆ ಆಕೆಯನ್ನು ಬೇರೆ ಕಡೆ ಯಾಕೆ ಕಳಿಸಲಿಲ್ಲ?' ಗಿಲಾದ್ ಒಂದು ಗುಟುಕು ನೀರು ಕುಡಿದ. ಕುಡಿದು ಹೇಳಿದ, 'ಎಲ್ಲಾ ಏರ್ಪಾಡು ಮಾಡಿದ್ದೆ. ಸೈರನ್ ಕೂಗಿದ ಕೂಡಲೇ ಆ ಇಂಡಿಯನ್ ಹೆಂಗಸು ನನ್ನ ಅಮ್ಮನನ್ನು ಕುರ್ಚಿಯಲ್ಲೇ ಬಿಟ್ಟು ಓಡಿಹೋದಳು.' ಸಭೆಯೆಲ್ಲ ಛೀ ಎಂದಿತು. ನಿನಗೆ ಛೀ ಎಂದರು, ಶಾಂತವ್ವಾ. ನನ್ನ ಕೈಯಲ್ಲಿ ಕುದಿಯುವ ಸಾಂಬಾರಿನ ಸೌಟು ಇತ್ತು. ಅದನ್ನು ಎಲ್ಲಿ ಸುರಿಯಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಬಡಿಸಿದೆ. ಗಿಲಾದ್ ಊಟಕ್ಕೆ ನಿಲ್ಲದೆ ಹೊರಟುಹೋಗಿದ್ದ, ಛೀ ಅಂದವರಿಗೆಲ್ಲ ನಗುನಗುತ್ತಾ ಬಡಿಸಿದೆ. ಸಿಟ್ಟು ನನಗೆ ಬೇಗ ಬರುತ್ತದೆ, ಖರ್ಚು ಮಾಡುವುದು ಮಾತ್ರ ನಿಧಾನ.

ಮರುದಿನ ಒಲೆ ಹಚ್ಚಲು ಬಂದ ಪೆರ್ಲಾಗೆ ನನ್ನ ಫೋನು ಕೊಟ್ಟೆ. ಆಸ್ಪತ್ರೆಯಿಂದ ಅಜ್ಜಿ ನನಗಾಗಿ ಹೀಬ್ರೂದಲ್ಲಿ ಮಾತಾಡಿದ್ದನ್ನು ನೀನು ಕಳಿಸಿದ್ದೆಯಲ್ಲ, ಏನೋ ಥ್ಯಾಂಕ್ಸ್ ಇರಬೇಕೆಂದು ಹಾಗೇ ಇಟ್ಟುಕೊಂಡಿದ್ದೆ. ಪೆರ್ಲಾ ಕೇಳಿದಳು. ಉರಿಯುವ ಕಡ್ಡಿ ಬೆರಳಿಗೆ ತಾಗುವ ತನಕ ಹಿಡಿದುಕೊಂಡೇ ಇದ್ದಳು. ಆಮೇಲೆ ಅರ್ಥ ಹೇಳಿದಳು. ನಾನು ಯಾರಿಗೂ ಹೇಳಬೇಡ ಅಂದೆ. 'ಯಾಕೆ, ಇಂಥದ್ದನ್ನು ಮುಚ್ಚಿಡ್ತೀಯಾ?' ಎಂದು ನನಗೇ ಬೈದಳು. ಮುಚ್ಚಿಡುತ್ತಿಲ್ಲ, ರವಿವಾರದ ಊಟಕ್ಕೆ ಇಟ್ಟುಕೊಂಡಿದ್ದೇನೆ ಅಂದೆ.

ಆಗಸ್ಟಿನ ಆ ರವಿವಾರ, ಕದನವಿರಾಮ ಆಗುತ್ತಾ ಮುರಿಯುತ್ತಾ ಇದ್ದ ದಿನಗಳು. ಮಧ್ಯಾಹ್ನ ಹೋಟೆಲು ತುಂಬಿತ್ತು, ಷಾರ್ಲೆಟ್‌ನಿಂದ ನೆಂಟರ ಮನೆಗೆ ಬಂದವರೂ ಇದ್ದರು. ಗಿಲಾದ್ ಹೆಂಡತಿ ಮಗನೊಂದಿಗೆ ನಡುವಿನ ಟೇಬಲ್ಲಿನಲ್ಲಿ. ನಾನೇ ದೋಸೆ ತಂದಿಟ್ಟೆ. 'ಗಿಲಾದ್, ನಿಮ್ಮಮ್ಮ ನನಗೊಂದು ಸಂದೇಶ ಕಳಿಸಿದ್ದಾರೆ. ನನಗೆ ಹೀಬ್ರೂ ಬಾರದು. ಸ್ವಲ್ಪ ಅರ್ಥ ಹೇಳ್ತೀಯಾ?' ಅಂದೆ. ಅಮ್ಮನ ಹೆಸರಿಗೆ ಹಿಗ್ಗಿ, ಎಲ್ಲರಿಗೂ ಕೇಳಲಿ ಅಂತ ಅವನೇ ಸದ್ದು ಹೆಚ್ಚಿಸಿದ! ನಾನು ಹೇಳಿರಲಿಲ್ಲ, ದೇವರಾಣೆ. ಅಜ್ಜಿಯ ದನಿ ಹೊರಟಿತು. ಶಾಂತಾಳ ಅಣ್ಣನಿಗೆ, ನಿನ್ನ ತಂಗಿ ನನ್ನ ಮೇಲೆ ರಜಾಯಿಯ ಹಾಗೆ ಮಲಗಿದಳು, ನನಗೆ ಬರಬೇಕಾದ ಗಾಜು ಅವಳ ಕೈಗೆ ಹೋಯಿತು. ಇಷ್ಟನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ, ಹೇಳುವಾಗಲೇ ದನಿ ಇಳಿಯಿತು. ಮುಂದಿನದನ್ನು ಬಿಟ್ಟು ದೋಸೆ ಮುರಿಯತೊಡಗಿದ. 'ಮುಂದೆ?' ಅಂದೆ ನಾನು. ಪಕ್ಕದ ಟೇಬಲ್ಲಿನ ಮುದುಕ ಇಡ್ಲಿ ಕೆಳಗಿಟ್ಟು ಮುಂದಿನದನ್ನು ತಾನೇ ಹೇಳಿದ: ನೋವಾಳ ಮನೆಗೆ ಕಳಿಸೆಂದು ಮಗನ ಕಾಲು ಹಿಡಿಯುವುದೊಂದು ಬಾಕಿ, ಅವನು ಬಿಡಲಿಲ್ಲ, ಶಾಂತಾ ಬಿಟ್ಟುಹೋಗಲಿಲ್ಲ. ಷಾರ್ಲೆಟ್ಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಹೆಂಡತಿ ಚೀಲ ತೆಗೆದುಕೊಂಡು ಎದ್ದಳು. ನಾನು ಕೇಳಿದೆ, 'ಪಾರ್ಸೆಲ್ ಮಾಡಲೇ?' ಮನೆಗೆ ಬಂದ ಮೇಲೆ ನಮ್ರತಾ 'ದಟ್ ವಾಸ್ ಮೀನ್, ಅಪ್ಪಾ' ಅಂದಳು. ಮೀನ್ ಆಗಿಯೇ, ಬೇಕಂತಲೇ ಚುಚ್ಚಲಿಕ್ಕೇ ಮಾಡಿದ್ದು ಮಗಳೇ ಅಂದೆ. ಅದರ ಮರುದಿನವೇ ಅವನು ನಿನಗೆ ಫೋನು ಮಾಡಿ, ಅಮ್ಮನನ್ನು ನೋವಾಳ ಮನೆಗೆ ಕರೆದುಕೊಂಡು ಹೋಗು ಎಂದದ್ದು.

ಇಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಬರುವ ಶನಿವಾರ ಅವರ ದೊಡ್ಡ ಉಪವಾಸ. ಅದಕ್ಕೆ ಮೊದಲು, ಯಾರಿಗೆ ಅನ್ಯಾಯ ಮಾಡಿದ್ದಾರೋ ಅವರನ್ನೇ ಕಂಡು ಕ್ಷಮೆ ಕೇಳಬೇಕು. ಮನುಷ್ಯನಿಗೆ ಮಾಡಿದ್ದನ್ನು ದೇವರು ಮಾಫಿ ಮಾಡುವುದಿಲ್ಲವಂತೆ. ನನಗೆ ಬಹಳ ಹಿಡಿಸಿದ ಪದ್ಧತಿ. ಅದಕ್ಕಾಗಿ ಈ ತಿಂಗಳು ಗಿಲಾದ್ ಹಿಂದಿನ ಬಾಗಿಲಿನಿಂದ ಅಡಿಗೆಮನೆಗೆ ಬಂದ. 'ಕ್ಷಮಿಸು ಬಾಸ್' ಅಂದ. ಷಾರ್ಲೆಟ್ಟಿನಲ್ಲಿ ಮುಂದಿನ ಬಾಗಿಲಿನಿಂದ ಹೇಳಿದ್ದನ್ನು ಇಲ್ಲಿ ಹಿಂದಿನ ಬಾಗಿಲಿನಿಂದ ತೊಳೆಯಬೇಡ ಅಂದೆ. ಮುಖ ಕಪ್ಪಿಟ್ಟಿತು, ಆದರೂ ಹೋದ. ಅದೇ ಸಭಾಭವನ, ಅದೇ ಮೈಕು. ಸಾಂಬಾರಿಲ್ಲದೆ ನಾನು ಷಾರ್ಲೆಟ್ಟಿಗೆ ಹೋದದ್ದು ಅದೇ ಮೊದಲು. ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. 'ಶಾಂತಾ ಓಡಿಹೋಗಲಿಲ್ಲ. ನಾನು ಸುಳ್ಳು ಹೇಳಿದೆ' ಎಂದ. ಹಿಂದಿನವರಿಗೆ ಕೇಳಲಿಲ್ಲವಂತೆ, ಇನ್ನೊಮ್ಮೆ ಹೇಳೆಂದು ಕೈ ಮಾಡಿದೆ. ಇನ್ನೊಮ್ಮೆ ಹೇಳಿದ. ಆ ಪ್ರಶ್ನೆ ಕೇಳಿದ್ದ ಮುದುಕಿ ಹೊರಗೆ ನನ್ನ ಕೈ ಹಿಡಿದುಕೊಂಡು ನಿನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತಳು. ಆಗ ಗಿಲಾದ್ ಬಂದು, 'ಈಗಲಾದರೂ?' ಎಂದ. ನಾನು ಹೇಳಿದೆ, 'ನಾನು ನೋಡಲು ಬಂದವನು. ಕೊಡುವವಳು ಬೇರೆ ಇದ್ದಾಳೆ.'

ಅಜ್ಜಿಗೆ ನನ್ನ ನಮಸ್ಕಾರ ಹೇಳು, ನೋವಾಳಿಗೂ ಹೇಳು. ಅವಳ ಮಗ ಗಡಿಯಿಂದ ಕ್ಷೇಮವಾಗಿ ಬಂದನೆಂದು ಕೇಳಿ ನಿನ್ನ ವೈನಿ ದೀಪ ಹಚ್ಚಿದಳು. ಗಡಿಯಾಚೆ ಮನೆಗೆ ಬಾರದೇ ಹೋದ ಮಕ್ಕಳಿಗೂ ಸೇರಿಸಿಯೇ ಹಚ್ಚಿದ್ದೇನೆ ಅಂದಳು. ಪೆರ್ಲಾಳ ಅಕ್ಕನ ಮಗ ಇವತ್ತು ಟೆಲ್ ಅವೀವಿಗೆ ಹೊರಟಿದ್ದಾನೆ, ಈ ಪತ್ರವನ್ನೂ ವೈನಿ ಕಟ್ಟಿದ ಶೇಂಗಾ ಚಟ್ನಿಪುಡಿಯನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಚೆಂಡು ಒತ್ತು, ಗುಳಿಗೆ ನುಂಗು, ತಲೆ ಎತ್ತಿಕೊಂಡು ಓಡಾಡು. ನೂರು ವರ್ಷ ಸುಖವಾಗಿ ಬಾಳು.

ನಿನ್ನ ಅಣ್ಣ,
ಬಸವಂತಪ್ಪ

ತಾ.ಕ.: ಹುಡುಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗಿಲಾದ್ ಕೂಡ ಅದೇ ವಿಮಾನದಲ್ಲಿ ಬರುತ್ತಿದ್ದಾನಂತೆ, ನಿನ್ನನ್ನೇ ಕಂಡು ಕ್ಷಮೆ ಕೇಳಲಿಕ್ಕೆ. ಮೂರು ಸಲ ಕೇಳಿದ ಮೇಲೂ ಕೊಡದಿದ್ದರೆ ಪಾಪ ಕೊಡದವರಿಗೆ ಸುತ್ತಿಕೊಳ್ಳುತ್ತದೆ ಎಂದು ಅವರಲ್ಲಿ ನಿಯಮ, ಅದನ್ನೇ ಹೇಳಿ ನಿನ್ನನ್ನು ಹೆದರಿಸುತ್ತಾನೆ. ಹೆದರಬೇಡ. ಪೆರ್ಲಾ ಈಗಷ್ಟೇ ಫೋನು ಮಾಡಿ ಹೇಳಿದಳು: ಹೆಸರು ಕೆಡಿಸಿದವನಿಗೆ ಆ ನಿಯಮ ಇಲ್ಲ, ಅವನನ್ನು ಕ್ಷಮಿಸಲೇಬೇಕೆಂದಿಲ್ಲ, ಅವರ ಶಾಸ್ತ್ರದಲ್ಲೇ ಬರೆದಿದೆ. ಒಳಗೆ ಕರೆ. ಕೂಡಿಸು. ಚಹಾ ಮಾಡಿಕೊಡು, ಹಸಿದಿದ್ದರೆ ಊಟಕ್ಕೂ ಹಾಕು. ಕ್ಷಮೆ ಮಾತ್ರ ಕೊಡಬೇಡ.