ಹಾಲಿನೊಂದಿಗೆ ನುಂಗಿದ ಗುಳಿಗೆಗಳು

ಜಮಖಂಡಿ
11 ನವೆಂಬರ್ 2025

ಪ್ರೀತಿಯ ವೈಶಾಲಿ,

ನಿನ್ನ ತಂದೆಯೂ ನಿವೃತ್ತ ಇತಿಹಾಸ ಉಪನ್ಯಾಸಕನೂ ಆದ ಗುರುಸಿದ್ದ ಎಂಬ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಶುಕ್ರವಾರ ಬೆಳಿಗ್ಗೆ ನಾನು ನನ್ನದೇ ಮನೆಯಲ್ಲಿ ಕಳ್ಳತನ ಮಾಡಿದೆ. ಕದ್ದ ಮಾಲು, ಅಡುಗೆಮನೆಯ ಕುಂಟು ಸ್ಟೂಲು. ನಿಮ್ಮವ್ವ ಅದನ್ನೇರಿ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸುತ್ತಿದ್ದಳು. ಅದೀಗ ಗುಜರಿಯವನ ಗಾಡಿ ಹತ್ತಿ ಊರು ಬಿಟ್ಟಿದೆ. ನಿಮ್ಮವ್ವನ ಸಂಶಯವೆಲ್ಲ ಪಕ್ಕದ ಮನೆಯ ರತ್ನಾಬಾಯಿಯವರ ಮೇಲಿದೆ. ನಾನದನ್ನು ಬಲಪಡಿಸಿಲ್ಲ, ನಿರಾಕರಿಸಿಯೂ ಇಲ್ಲ.

ನಿಮ್ಮವ್ವನ ಔಷಧದ ಬಗ್ಗೆ ನೀನು ಕಳಿಸಿದ ಮೆಸೇಜುಗಳಿಗೆ ಉತ್ತರ ಕೊಡುವುದು ತಡವಾಯಿತು. ಫೋನಿನಲ್ಲಿ ಇದನ್ನು ಮಾತಾಡುವಂತಿಲ್ಲ. ನಿಮ್ಮವ್ವ ಪಕ್ಕದಲ್ಲೇ ಕೂತು, ಸ್ಪೀಕರ್ ಹಾಕಿಸಿ, ನನ್ನ ಅರ್ಧ ವಾಕ್ಯಗಳನ್ನು ತಾನೇ ಮುಗಿಸುತ್ತಾಳೆ. ಆದ್ದರಿಂದ ಬೀಳಗಿಯಲ್ಲಿ ನೀನು ಪಾಠ ಮಾಡುವ ಶಾಲೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಶಾಲೆಗೆ ನಿನ್ನ ಹೆಸರಿಗೆ ಅಪ್ಪನ ಕಾಗದ ಬಂದರೆ ಮಕ್ಕಳು ನಗಬಹುದು, ನಗಲಿ.

ಹೋದ ವರ್ಷ ಅವಳು ಬಚ್ಚಲ ಹೊಸ್ತಿಲಲ್ಲಿ ಸುಮ್ಮನೆ ಕುಸಿದು ಕೂತದ್ದಕ್ಕೆ ಮಣಿಕಟ್ಟು ಮುರಿದದ್ದು ನಿನಗೆ ಗೊತ್ತು. ಅಷ್ಟು ಸಣ್ಣದಾಗಿ ಬಿದ್ದದ್ದಕ್ಕೆ ಎಲುಬು ಮುರಿಯಬಾರದು ಎಂದು ಡಾಕ್ಟರು ವಿಜಯಪುರಕ್ಕೆ ಸ್ಕ್ಯಾನಿಗೆ ಕಳಿಸಿದರು. ಅಂಕ ಸೊನ್ನೆಗಿಂತ ಕೆಳಗೆ ಬಂತು. ನೌಕರಿಯಲ್ಲಿದ್ದಾಗ ನಾನು ಧಾರಾಳವಾಗಿ ಸೊನ್ನೆ ಹಂಚಿದವನು, ಆದರೆ ಸೊನ್ನೆಗಿಂತ ಕೆಳಗೆ ಇಳಿಯುವ ಧೈರ್ಯ ನನಗೂ ಇರಲಿಲ್ಲ. ಎಲುಬಿನ ಸಾಂದ್ರತೆ ಕಡಿಮೆಯಾಗಿದೆ ಎಂದರು. ಹಟದ ಸಾಂದ್ರತೆ ಅಳೆಯುವ ಯಂತ್ರ ಅಲ್ಲಿ ಇರಲಿಲ್ಲ.

ವಾರಕ್ಕೊಂದು ಗುಳಿಗೆ ಬರೆದರು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ, ಚಹಾ ಸಹ ಕುಡಿಯದೆ, ನೆಟ್ಟಗೆ ಕೂಡಬೇಕು. ಮಲಗಿದರೆ ಗುಳಿಗೆ ಅನ್ನನಾಳವನ್ನು ಸುಡುತ್ತದೆ. ಇದರ ಮೇಲ್ವಿಚಾರಣೆ ನಾನೇ ವಹಿಸಿಕೊಂಡೆ. ಲಿಂಗಪೂಜೆ ಆಗದೆ ಅವಳು ಗುಟುಕು ನೀರೂ ಮುಟ್ಟುವುದಿಲ್ಲವಾದ್ದರಿಂದ ಗುಳಿಗೆಯೂ ಪೂಜೆಗೆ ಕೂತಲ್ಲೇ ಆಗುತ್ತಿತ್ತು. ದೇವರ ಮನೆಗೆ ನನಗೆ ಪ್ರವೇಶವಿಲ್ಲ, ನಡುವೆ ಮಾತಾಡುತ್ತೇನೆಂದು. ಹೊರಗೆ ಬಂದವಳನ್ನು ಕುರ್ಚಿಗೆ ಕೂರಿಸಿ ಗಡಿಯಾರ ನೋಡುತ್ತಿದ್ದೆ. ಪರೀಕ್ಷಾ ಕೊಠಡಿಯಲ್ಲಿ ಸಹ ನಾನು ಅಷ್ಟು ಬಿಗಿಯಾಗಿರಲಿಲ್ಲ.

ಹೋದ ವಾರ ಎರಡನೇ ಸ್ಕ್ಯಾನಿನ ಫಲಿತಾಂಶ ಬಂತು. ಅಂಕ ಇನ್ನೂ ಇಳಿದಿದೆ. ಗುಳಿಗೆ ಹೇಗೆ ತಗೋತೀರಿ ಎಂದು ಡಾಕ್ಟರು ಕೇಳಿದರು. ನಾನು ನನ್ನ ಶಿಸ್ತಿನ ವರ್ಣನೆಗೆ ಬಾಯಿ ತೆರೆಯುವಷ್ಟರಲ್ಲಿ ನಿಮ್ಮವ್ವ ಶುರು ಮಾಡಿದಳು.

"ಲಿಂಗಕ್ಕ ಅರ್ಪಿಸದ ನಾ ಏನೂ ಬಾಯಾಗ ಹಾಕ್ಕೊಳ್ಳೂದಿಲ್ರಿ. ಒಣಾ ಗುಳಿಗಿ ಹೆಂಗ ಎಡಿ ಹಿಡೀಲಿ? ಸಂಗಾಟ ಒಂದು ಬಟ್ಟಲ ಹಾಲು ಇಡತೀನಿ. ಎಡಿ ಹಿಡಿದ ಹಾಲು ಚೆಲ್ಲಾಕ ಬರ್ತೈತೇನ್ರಿ? ಅದರಾಗ ನುಂಗತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವ್ವಾರ, ಹಾಲು ಬ್ಯಾಡ ಅನ್ನೂದಿಲ್ಲ. ಆದ್ರ ಅದರಾಗಿನ ಸುಣ್ಣದಂಶ ಗುಳಿಗಿನ್ನ ಹಿಡಕೊಂಡು ಕುಂದರ್ತೈತಿ. ವರ್ಷದ ಔಷಧ ನಿಮ್ಮ ಮೈಗೆ ಹತ್ತೇ ಇಲ್ಲ."

ಅಂದರೆ ನಾನು ವರ್ಷವಿಡೀ ಗಡಿಯಾರ ಹಿಡಿದು ಕಾದದ್ದು ಒಂದು ಬಟ್ಟಲು ಹಾಲನ್ನು.

ಇನ್ನು ಮುಂದೆ ಎಡೆಗೆ ನೀರಿಟ್ಟು ಅದರಲ್ಲೇ ನುಂಗಬಹುದು, ಅದಕ್ಕೆ ಅವಳ ಲಿಂಗದೇವರ ತಕರಾರಿಲ್ಲ. ಆದರೆ ಈಚೆಗೆ ಅವಳಿಗೆ ಎದೆಯುರಿ ಶುರುವಾಗಿದೆ. ಗುಳಿಗೆ ಅದನ್ನು ಹೆಚ್ಚಿಸಬಹುದು. ಅದಕ್ಕೇ ಡಾಕ್ಟರು ಹೇಳುವುದು, ವರ್ಷಕ್ಕೊಮ್ಮೆ ಸಲೈನಿನ ಹಾಗೆ ನಿಧಾನವಾಗಿ ಏರಿಸುವ ಇಂಜೆಕ್ಷನ್. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಕಿಡ್ನಿ ಸರಿ ಇರಬೇಕು, ಇದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಇನ್ನೊಂದೂ ಇದೆಯಂತೆ. ಆದರೆ ಅದನ್ನು ನಡುವೆ ಬಿಟ್ಟರೆ ಬೆನ್ನಿನ ಮಣಿಗಳು ಮುರಿಯುವ ಭಯ. ನಮ್ಮ ಮನೆಯಲ್ಲಿ ತಾರೀಖು ನೆನಪಿಡುವವರು ಯಾರು?

ಇಂಥ ಔಷಧದಿಂದ ದವಡೆಯ ಎಲುಬು ಕೊಳೆಯುತ್ತದೆ, ತೊಡೆಯ ಎಲುಬು ತಾನಾಗಿ ಮುರಿಯುತ್ತದೆ ಎಂದು ನೀನು ಕಳಿಸಿದ್ದನ್ನು ನಾನು ಡಾಕ್ಟರಿಗೆ ತೋರಿಸಿದೆ. ಸುಳ್ಳಲ್ಲ, ಆದರೆ ಬಹಳ ಅಪರೂಪ ಎಂದರು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಬೇಕಂತೆ. ಹಲ್ಲಿನ ಡಾಕ್ಟರಿಗೆ ತೋರಿಸಿ ಆಗಿದೆ. ತೊಡೆಯಲ್ಲಿ ನೋವು ಬಂದರೆ ತಕ್ಷಣ ಹೇಳಬೇಕಂತೆ. ದವಡೆಯ ಮಾತು ಬಂದಾಗ ನಿಮ್ಮವ್ವ ನನ್ನ ಕಡೆ ಕೈ ತೋರಿಸಿ, "ಇವರಿಗೆ ಅದ ಬೇಕಾಗೇತಿ ನೋಡ್ರಿ" ಎಂದಳು.

ಔಷಧವೇ ಬೇಡ, ಎಳ್ಳಿನ ಚಟ್ನಿ, ರಾಗಿ, ಬೆಳಗಿನ ಬಿಸಿಲು, ನಡಿಗೆ ಸಾಕು ಎನ್ನುತ್ತೀ. ಅವೆಲ್ಲ ಬೇಕೇ ಬೇಕು, ಆದರೆ ಔಷಧದ ಜೊತೆಗೆ, ಔಷಧದ ಬದಲಿಗಲ್ಲ ಎಂದರು ಡಾಕ್ಟರು. ಒಮ್ಮೆ ಮುರಿದ ಮೇಲೆ ಮುಂದಿನದು ಸೊಂಟವಾಗಬಹುದು. ಹುನ್ನೂರಿನ ನಿನ್ನ ಅತ್ತೆ ಅನಸವ್ವ ನೆನಪಿರಬೇಕು. ನನ್ನಕ್ಕ, ಇಡೀ ಹೊಲ ಒಬ್ಬಳೇ ಕಳೆ ತೆಗೆಯುತ್ತಿದ್ದವಳು. ಅಂಗಳದಲ್ಲಿ ಜಾರಿ ಸೊಂಟ ಮುರಿಯಿತು. ಮಂಚದಿಂದ ಮತ್ತೆ ಏಳಲೇ ಇಲ್ಲ.

ಒಟ್ಟಿನಲ್ಲಿ ನಾನು ಎರಡೂ ಕಡೆಯ ಅಪಾಯವನ್ನು ತಕ್ಕಡಿಗೆ ಹಾಕಿ ನೋಡಿಯಾಗಿದೆ. ಇಂಜೆಕ್ಷನ್ನಿನ ಕಡೆ ಭಾರ ಕಡಿಮೆ. ನನ್ನಲ್ಲಿ ಗೊಂದಲವಿಲ್ಲ, ಭಯವಂತೂ ಇಲ್ಲವೇ ಇಲ್ಲ. ಈ ಮನೆಯಲ್ಲಿ ತಲೆ ತಂಪಾಗಿಟ್ಟುಕೊಂಡು ಯೋಚಿಸುವವನು ನಾನೊಬ್ಬನೇ. ಹೆದರಿರುವುದು ನಿಮ್ಮವ್ವ. ಭಾನುವಾರ ಬಂದು ಅವಳಿಗೆ ನಾಲ್ಕು ಮಾತು ಹೇಳು. ನಿನ್ನ ಮಾತು ಕೇಳುತ್ತಾಳೆ.

ನಿನ್ನ ಶಾಲೆಯ ಗದ್ದಲ ಕಡಿಮೆಯಾಗಲಿ, ನಿನ್ನ ಎಲುಬು ಗಟ್ಟಿ ಇರಲಿ, ಊಟ ಬಿಡಬೇಡ. ತಾಯಿಯ ಹರಕೆ ಕೇಳಿ ಬರೆದರೆ ಕಾಗದದ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಇಬ್ಬರ ಪರವಾಗಿಯೂ ನಾನೇ ಹರಸುತ್ತಿದ್ದೇನೆ.

ನಿನ್ನ
ಅಪ್ಪ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಹೆದರಿರುವುದು ನಿಮ್ಮವ್ವ ಎಂದು ಬರೆದದ್ದನ್ನು ಹೊಡೆದುಹಾಕಿ ಓದು. ಕಿಡ್ನಿ, ಹಲ್ಲಿನ ರಿಪೋರ್ಟುಗಳೆಲ್ಲ ಸರಿ ಇವೆ, ಇವತ್ತೇ ಏರಿಸಬಹುದು ಎಂದು ಡಾಕ್ಟರು ಅಂದ ಕೂಡಲೇ ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿ, "ಹಾಕ್ರಿ" ಅಂದಿದ್ದಳು. "ಮಗಳನ್ನ ಕೇಳಿ ಬರ್ತೀವ್ರಿ" ಎಂದು ಎದ್ದು ನಿಂತವನು ನಾನು. ಆಟೋದಲ್ಲಿ ಅವಳು ಕೇಳಿದಳು, "ಸೂಜಿ ನನಗ, ಅಂಜಿಕಿ ನಿಮಗ್ಯಾಕರೀ?" ಅನಸವ್ವನ ಮಂಚದ ಪಕ್ಕ ಕೂತು ಎದ್ದು ಬಂದವನು ನಾನು, ವೈಶಾಲಿ. ಆ ಮಂಚವೂ ಬೇಡ, ಈ ಸೂಜಿಯೂ ಬೇಡ ಅನ್ನಿಸಿ, ಅವಳ ಚಾಚಿದ ಕೈಯನ್ನೇ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಭಾನುವಾರ ಬಂದವಳು ಒಪ್ಪಿಸಬೇಕಾದದ್ದು ನನ್ನನ್ನು.